ಹಳೆ ಸೇತುವೆಗಳನ್ನು ಬೇಸಿಗೆಯಲ್ಲಿ ಹೋಗಿ ನೋಡಿ

ಸಂಪಾದಕರಿಗೆ, ನಮಸ್ಕಾರ.

ಕೆಆರ್‌ಎಸ್ ತುಂಬಿ ಗೇಟು ತೆಗೆದಾಗಲೆಲ್ಲ ನಿಮ್ಮ ಪತ್ರಿಕೆಯಲ್ಲಿ ಒಂದು ಫೋಟೊ ಬರುತ್ತದೆ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ, ಅದರ ಕೊರಳವರೆಗೆ ಕೆಂಪು ನೀರು, ದಡದಲ್ಲಿ ಮೊಬೈಲ್ ಹಿಡಿದು ನಿಂತ ಜನ. ಒಂದೆರಡು ದಿನ ಬಿಟ್ಟು ಶಿವನಸಮುದ್ರದ ವೆಸ್ಲಿ ಸೇತುವೆಯ ಫೋಟೊ. ಐತಿಹಾಸಿಕ ಸೇತುವೆಗೆ ಅಪಾಯ ಅಂತ ತಲೆಬರಹ. ನೀರು ಇಳಿಯುತ್ತದೆ, ಅದರ ಜೊತೆ ಸುದ್ದಿಯೂ ಇಳಿಯುತ್ತದೆ. ನಾನು ಈ ಪತ್ರ ಬರೆಯುತ್ತಿರುವುದು ಶಿವರಾತ್ರಿ ಕಳೆದ ಮೇಲೆ. ಈಗ ಹೊಳೆಯಲ್ಲಿ ಬಂಡೆ ಕಾಣುತ್ತಿದೆ. ಸೇತುವೆಯ ಬುಡಕ್ಕೆ ನಡೆದೇ ಹೋಗಬಹುದು. ಅದಕ್ಕೆ ಏನಾಗಿದೆ, ಯಾವ ಕಲ್ಲು ಜಾರಿದೆ, ಯಾವ ಕಂಬ ವಾಲಿದೆ ಅಂತ ತಿಳಿಯುವುದು ಈಗ. ಸರಿ ಮಾಡಲು ಆಗುವುದೂ ಈಗಲೇ. ಜೂನ್ ಬಂದರೆ ಮುಗಿಯಿತು, ಮತ್ತೆ ಫೋಟೊ ತೆಗೆಯುವುದೊಂದೇ ಉಳಿಯುತ್ತದೆ.

ನಾನು ಮಳವಳ್ಳಿ ತಾಲ್ಲೂಕಿನವನು. ರಸ್ತೆ, ಮೋರಿ, ಸೇತುವೆ ಕೆಲಸದಲ್ಲಿ ವರ್ಕ್ ಇನ್ಸ್‌ಪೆಕ್ಟರ್ ಆಗಿ ದುಡಿದು ನಿವೃತ್ತನಾದವನು. ಎಂಜಿನಿಯರ್ ಅಲ್ಲ. ಆದರೆ ಸೇತುವೆಯ ಕೆಳಗೆ ಎಂಜಿನಿಯರ್‌ಗಳಿಗಿಂತ ಜಾಸ್ತಿ ಹೊತ್ತು ಕಳೆದಿದ್ದೇನೆ. ಮೇಲೆ ನಿಂತವರಿಗೆ ಸೇತುವೆ ಅಂದರೆ ರಸ್ತೆ. ಕೆಳಗೆ ಇಳಿದವರಿಗೆ ಮಾತ್ರ ಅದು ಹೇಗೆ ನಿಂತಿದೆ ಅಂತ ಕಾಣುತ್ತದೆ.

ಮೊದಲು ವೆಲ್ಲೆಸ್ಲಿ ಸೇತುವೆಯ ವಿಚಾರ ಹೇಳುತ್ತೇನೆ. ಬೆಂಗಳೂರು ಕಡೆಯಿಂದ ಹಳೇ ರಸ್ತೆಯಲ್ಲಿ ಬಂದರೆ ಪಟ್ಟಣ ಸೇರುವ ಮುಂಚೆ ಕಾವೇರಿಯ ಉತ್ತರದ ಕವಲು ಸಿಗುತ್ತದಲ್ವಾ, ಅದರ ಮೇಲಿರುವುದು. ಟಿಪ್ಪು ಸತ್ತ 1799ರ ನಂತರ ದಿವಾನರಾದ ಪೂರ್ಣಯ್ಯನವರು 1802ರಿಂದ 1804ರ ನಡುವೆ ಕಟ್ಟಿಸಿದ್ದು. ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಹೆಸರು ಇಂಗ್ಲಿಷರದ್ದು, ಕೆಲಸ ಪೂರ್ತಿ ನಮ್ಮವರದ್ದು. ಇದರಲ್ಲಿ ಕಮಾನು ಇಲ್ಲ, ಕಬ್ಬಿಣದ ತೊಲೆ ಇಲ್ಲ. ಹೊಳೆಯ ತಳದ ಬಂಡೆಗೇ ಗುಣಿ ಕೊರೆದು ಒಂದೊಂದೇ ಕಲ್ಲಿನ ಕಂಬ ಇಳಿಸಿ ನಿಲ್ಲಿಸಿದ್ದಾರೆ. ಕಂಬದ ತಲೆಗೆ ಅಡ್ಡ ಬೋದಿಗೆ ಕಲ್ಲು. ಬೋದಿಗೆಯ ಮೇಲೆ ಕಲ್ಲಿನ ತೊಲೆ. ತೊಲೆಗಳ ಮೇಲೆ ಹಾಸುಗಲ್ಲು. ದೇವಸ್ಥಾನದ ಮುಖಮಂಟಪ ಕಟ್ಟುವ ವಿದ್ಯೆಯನ್ನೇ ತಂದು ಹೊಳೆಗೆ ಹಾಕಿದ್ದಾರೆ.

ಕಲ್ಲಿಗೆ ಒಂದು ಗುಣ ಇದೆ. ಮೇಲಿಂದ ಎಷ್ಟು ಭಾರ ಹೇರಿದರೂ ತಡೆಯುತ್ತದೆ. ಆದರೆ ಉದ್ದದ ತೊಲೆಯಾಗಿ ಮಲಗಿಸಿ ನಡುವೆ ಭಾರ ಹಾಕಿದರೆ ಅಡಿಭಾಗ ಬಿರುಕು ಬಿಟ್ಟು ಮುರಿಯುತ್ತದೆ. ಇದು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕಂಬಗಳನ್ನು ಇಷ್ಟು ಹತ್ತಿರ ಹತ್ತಿರ ನಿಲ್ಲಿಸಿದ್ದಾರೆ, ಅದಕ್ಕೇ ಬೋದಿಗೆ ಎರಡೂ ಕಡೆ ಕೈ ಚಾಚಿ ತೊಲೆಯ ಉದ್ದ ಕಮ್ಮಿ ಮಾಡುತ್ತದೆ. ನೋಡಿದವರು ಸುಮ್ನೆ ಕಂಬದ ಕಾಡು ಅಂದುಕೊಳ್ಳುತ್ತಾರೆ. ಅಲ್ಲಿ ಒಂದೊಂದು ಅಂಕಣಕ್ಕೂ, ಅಂದರೆ ಕಂಬ ಕಂಬದ ನಡುವಿನ ಜಾಗಕ್ಕೂ, ಲೆಕ್ಕ ಇದೆ.

ಇದೇ ವಿದ್ಯೆ ಶಿವನಸಮುದ್ರದಲ್ಲೂ ಇದೆ. ಅಲ್ಲಿ ಕಾವೇರಿ ಎರಡಾಗಿ ನಡುವೆ ದ್ವೀಪ ಬಿಟ್ಟು ಹೋಗುತ್ತದೆ. ಒಂದು ಕವಲು ಗಗನಚುಕ್ಕಿಯಲ್ಲಿ ಧುಮುಕುತ್ತದೆ, ಇನ್ನೊಂದು ಭರಚುಕ್ಕಿಯಲ್ಲಿ. ದ್ವೀಪದಲ್ಲಿ ಮಧ್ಯರಂಗ, ಸೋಮೇಶ್ವರ, ಮೀನಾಕ್ಷಿಯ ಗುಡಿಗಳಿವೆ, ದರ್ಗಾ ಇದೆ. ಹೊಳೆ ತುಂಬಿದರೆ ಇವೆಲ್ಲ ಹೊರಗಿನ ಜನರಿಗೆ ಮುಚ್ಚಿಹೋಗುತ್ತಿದ್ದವು. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ, ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ರೆಸಿಡೆಂಟರ ಹತ್ತಿರ ಕೆಲಸದಲ್ಲಿದ್ದ ರಾಮಸ್ವಾಮಿ ಮೊದಲಿಯಾರ್ ಎನ್ನುವವರು ಮುಂದೆ ನಿಂತು ದ್ವೀಪಕ್ಕೆ ಎರಡೂ ಕಡೆ ಕಲ್ಲಿನ ಸೇತುವೆ ಮಾಡಿಸಿದರು. ಪಾಳು ಬಿದ್ದಿದ್ದ ಜಾಗಕ್ಕೆ ಜನ ಓಡಾಡುವ ಹಾಗಾಯಿತು. ಸರ್ಕಾರದಿಂದ ಅವರಿಗೆ ಜಹಗೀರು ಬಂತು, ‘ಜನೋಪಕಾರ ಕಾಮಕರ್ತ’ ಅಂತ ಬಿರುದೂ ಬಂತು. 1827ರಿಂದ 1832ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ಲಷಿಂಗ್ಟನ್ ಹೆಸರು ಅಲ್ಲಿನ ಒಂದು ಸೇತುವೆಗಿದೆ. ಸತ್ತೇಗಾಲದ ಕಡೆಯದನ್ನು ನಮ್ಮ ಕಡೆ ಎಲ್ಲರೂ ವೆಸ್ಲಿ ಬ್ರಿಡ್ಜ್ ಅನ್ನುತ್ತಾರೆ.

ಕಟ್ಟಿಸಿದ ಮೊದಲಿಯಾರರ ಹೆಸರು ಮಾತ್ರ ಊರಿನ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಅಲ್ಲಿ ಒಂದು ಬೋರ್ಡ್ ಹಾಕಿ ಅಂತ ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಗಗನಚುಕ್ಕಿಯಲ್ಲಿ ಜಲಪಾತೋತ್ಸವ ನಡೆಸುತ್ತಾರೆ, ಬಣ್ಣದ ದೀಪ ಬಿಡುತ್ತಾರೆ, ಅದು ನನಗೂ ಇಷ್ಟ. ಆ ಖರ್ಚಿನ ಜೊತೆ ಒಂದು ಕಲ್ಲಿನ ಫಲಕವೂ ಸೇರಲಿ.

2018ರ ಪ್ರವಾಹದಲ್ಲಿ ವೆಸ್ಲಿ ಸೇತುವೆಯ ಒಂದು ಭಾಗ ಕುಸಿಯಿತು. ನಿಮ್ಮ ಓದುಗರಿಗೆ ನೆನಪಿರುತ್ತದೆ. ಶ್ರೀರಂಗಪಟ್ಟಣಕ್ಕೆ ಬರುವುದು ಕೆಆರ್‌ಎಸ್ ನೀರು ಮಾತ್ರ. ಶಿವನಸಮುದ್ರಕ್ಕೆ ಹಾಗಲ್ಲ. ತಿರುಮಕೂಡಲಿನಲ್ಲಿ ಕಪಿಲೆ, ಅಂದರೆ ಕಬಿನಿ ಹೊಳೆ, ಸೇರಿಕೊಳ್ಳುತ್ತಾಳೆ. ಕಬಿನಿ ಅಣೆಕಟ್ಟಿನ ನೀರೂ, ಕೆಆರ್‌ಎಸ್ ನೀರೂ ಒಟ್ಟಿಗೆ ಬಂದರೆ ವೆಸ್ಲಿ ಸೇತುವೆ ಎರಡು ಹೊಳೆಯ ಭಾರ ತಡೆಯಬೇಕು. ಆಗ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಯಡಕುರಿಯದ ಜನ ಮನೆ ಬಿಟ್ಟು ಗಂಜಿ ಕೇಂದ್ರಕ್ಕೆ ಹೋಗುತ್ತಾರೆ. ಅಂಥ ನೀರು ಅದು.

ಪ್ರವಾಹ ಬಂತು, ಇನ್ನೂರು ವರ್ಷದ ಸೇತುವೆ, ವಯಸ್ಸಾಗಿತ್ತು, ಬಿತ್ತು. ಹೀಗೆ ಹೇಳಿ ಎಲ್ಲರೂ ಸುಮ್ಮನಾಗುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಪ್ರವಾಹ ಈ ಸೇತುವೆಗಳಿಗೆ ಹೊಸದಲ್ಲ. ಕೆಆರ್‌ಎಸ್ ಕಟ್ಟುವ ಮುಂಚೆ ನೂರಕ್ಕೂ ಜಾಸ್ತಿ ವರ್ಷ ಶ್ರೀರಂಗಪಟ್ಟಣದ ಸೇತುವೆ ತಡೆ ಇಲ್ಲದ ಕಾವೇರಿಯನ್ನು ಪ್ರತಿ ಮಳೆಗಾಲ ಎದುರಿಸಿದೆ. ಕಂಬಗಳ ಕಾಲು ಬಂಡೆಯೊಳಗಿದೆ, ಮರಳಿನಲ್ಲಿಲ್ಲ. ಕಲ್ಲು ತುಕ್ಕು ಹಿಡಿಯುವುದಿಲ್ಲ. ಹಾಗಾದರೆ ಹೇಗೆ ಬೀಳುತ್ತದೆ?

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಮೊದಲ ನೆರೆಗೆ ಮೇಲಿಂದ ಕಸ ಬರುತ್ತದೆ. ತೆಂಗಿನ ಬೊಡ್ಡೆ, ಹೊಂಗೆ ಮರದ ಕೊಂಬೆ, ಜೊಂಡು, ಕಬ್ಬಿನ ಸೋಗೆ, ಹನಿ ನೀರಾವರಿಯ ಕಪ್ಪು ಪೈಪು. ಅಂಕಣ ಕಿರಿದು, ಹಾಗಾಗಿ ಒಂದು ಬೊಡ್ಡೆ ಅಡ್ಡ ಸಿಕ್ಕಿಕೊಂಡರೆ ಸಾಕು. ಅದರ ಮೇಲೆ ಜೊಂಡು, ಜೊಂಡಿನ ಮೇಲೆ ಪ್ಲಾಸ್ಟಿಕ್. ಎರಡು ದಿನದಲ್ಲಿ ಅಂಕಣ ಮುಚ್ಚಿ ಗೋಡೆಯಾಗುತ್ತದೆ. ಹತ್ತು ಅಂಕಣ ಮುಚ್ಚಿದರೆ ಸೇತುವೆ ಅಣೆಕಟ್ಟಾಗುತ್ತದೆ. ಈ ಕಡೆ ನೀರು ಎತ್ತರ, ಆ ಕಡೆ ತಗ್ಗು. ಅಷ್ಟೂ ಒತ್ತಡ ಕಂಬದ ಬೆನ್ನಿಗೆ. ಕಟ್ಟಿದವರು ನೀರು ಹಾದುಹೋಗಲಿ ಅಂತ ಕಟ್ಟಿದ್ದು, ನೀರು ನಿಲ್ಲಿಸಲು ಅಲ್ಲ.

ನೀರು ಹಾಸುಗಲ್ಲಿನ ಮಟ್ಟಕ್ಕೆ ಏರಿದರೆ ಇನ್ನೊಂದು ತೊಂದರೆ. ಮುಳುಗಿದ ಕಲ್ಲು ತನ್ನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತದೆ. ಈ ಸೇತುವೆಗಳಲ್ಲಿ ಕಲ್ಲು ನಿಂತಿರುವುದು ತನ್ನ ಭಾರದಿಂದಲೇ. ಭಾರ ಇಳಿದ ಕಲ್ಲನ್ನು ಓಡುವ ನೀರು ಸುಲಭವಾಗಿ ತಳ್ಳುತ್ತದೆ. ಮೊದಲು ಹೋಗುವುದು ಪಕ್ಕದ ತಡೆಗೋಡೆ. ಆಮೇಲೆ ಅಂಚಿನ ಹಾಸು. ಒಂದು ತೊಲೆ ಜಾರಿದರೆ ಅದರ ಬೋದಿಗೆ ಒಂದು ಕಡೆಗೆ ವಾಲುತ್ತದೆ, ಏಕೆಂದರೆ ಎರಡೂ ಕಡೆಯ ಭಾರ ಸಮ ಇದ್ದರೆ ಮಾತ್ರ ಅದು ನೆಟ್ಟಗೆ ಕೂರುತ್ತದೆ. ಒಂದು ಹಲ್ಲು ಬಿದ್ದರೆ ಪಕ್ಕದ ಹಲ್ಲು ಅಲುಗಾಡುವ ಹಾಗೆ, ಒಂದು ಅಂಕಣ ಹೋದ ಸೇತುವೆಯಲ್ಲಿ ಪಕ್ಕದ ಅಂಕಣಕ್ಕೆ ಆಸರೆ ತಪ್ಪುತ್ತದೆ. ಅದಕ್ಕೇ ಹೇಳುವುದು, ಬಿದ್ದ ವರ್ಷವೇ ಅದನ್ನು ಕಟ್ಟಬೇಕು. ಮುಂದಿನ ಮಳೆಗಾಲಕ್ಕೆ ಬಿಟ್ಟರೆ ಎರಡರ ಜಾಗದಲ್ಲಿ ನಾಲ್ಕು ಹೋಗುತ್ತವೆ.

ಗಿಡದ ವಿಚಾರ ಹೇಳದಿದ್ದರೆ ಈ ಪತ್ರ ಪೂರ್ತಿಯಾಗುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಜೊತೆ ಕಲ್ಲುಕೆಲಸದ ಒಬ್ಬ ಹಳೇ ಮೇಸ್ತ್ರಿ ಇದ್ದರು. ಓದು ಬರಹ ಇಲ್ಲ. ಸಣ್ಣ ಸುತ್ತಿಗೆ ಹಿಡಿದು ಒಂದೊಂದೇ ಕಲ್ಲು ತಟ್ಟಿಕೊಂಡು ಹೋಗುತ್ತಿದ್ದರು. ಕಲ್ಲು ಗಟ್ಟಿಯಾಗಿದ್ದರೆ ಗಂಟೆಯ ಹಾಗೆ ಟಣ್ ಅನ್ನುತ್ತದೆ. ಒಳಗೆ ಬಿರುಕು ಇದ್ದರೆ, ಅಥವಾ ಕೆಳಗೆ ಆಸರೆ ತಪ್ಪಿದ್ದರೆ ದೊಬ್ ಅನ್ನುತ್ತದೆ. ದೊಬ್ ಅಂದ ಕಲ್ಲಿಗೆ ಸುಣ್ಣದಲ್ಲಿ ಗುರುತು. ಒಂದು ಹಳೇ ಸೇತುವೆಯ ಬೋದಿಗೆಯ ಸಂದಿಯಲ್ಲಿ ಒಂದು ಅರಳಿ ಸಸಿ ಇತ್ತು. ಮೇಲೆ ನಾಲ್ಕೇ ಎಲೆ. ನಾನು ಕಿತ್ತು ಬಿಸಾಕಲು ಹೋದೆ. ಅವರು ಕೈ ಹಿಡಿದರು. ಆಮೇಲೆ ಏಣಿ ಹಾಕಿ ಹಿಂಬದಿಗೆ ಕರೆದುಕೊಂಡು ಹೋಗಿ ತೋರಿಸಿದರು. ಬೇರು ಮಣಿಕಟ್ಟಿನಷ್ಟು ದಪ್ಪ. ತೊಲೆಗೂ ಬೋದಿಗೆಗೂ ನಡುವೆ ನುಗ್ಗಿ ಅಷ್ಟು ದೊಡ್ಡ ತೊಲೆಯನ್ನು ಎರಡು ಬೆರಳು ಎತ್ತಿಬಿಟ್ಟಿತ್ತು. ಮೇಲಿನ ಎಲೆ ಕಿತ್ತರೆ ಬೇರು ಇನ್ನೂ ದಪ್ಪವಾಗುತ್ತದೆ, ಬೇರನ್ನು ಎಳೆದರೆ ಕಲ್ಲು ಬರುತ್ತದೆ. ಅವರು ಬೇರನ್ನು ಕೊಯ್ದು, ಬೇರು ಸಾಯುವವರೆಗೆ ಕೊಯ್ದ ಜಾಗವನ್ನು ಬಿಡದೆ ನೋಡಿಕೊಂಡು, ಒಣಗಿದ ಮೇಲೆ ಸಂದಿಗೆ ಸುಣ್ಣದ ಗಾರೆ ತುಂಬಿದರು. ಈಗ ಹೋಗಿ ನೋಡಿ, ಎಷ್ಟು ಅರಳಿ, ಎಷ್ಟು ಅತ್ತಿ ಈ ಸೇತುವೆಗಳ ಸಂದಿಯಲ್ಲಿ ಬೆಳೆದಿವೆ ಅಂತ. ಅವುಗಳನ್ನು ಯಾವ ಪ್ರವಾಹವೂ ತಂದು ನೆಟ್ಟಿದ್ದಲ್ಲ.

ಹಾಗಾದರೆ ಯಾಕೆ ಯಾರೂ ನೋಡುವುದಿಲ್ಲ? ಇದೇ ನನ್ನ ಪತ್ರದ ಮುಖ್ಯ ಮಾತು. ಪಕ್ಕದಲ್ಲಿ ಹೊಸ ಸೇತುವೆ ಆದ ದಿನವೇ ಹಳೆಯದಕ್ಕೆ ಯಜಮಾನ ಇಲ್ಲದಂತಾಗುತ್ತದೆ. ಬಸ್ಸು, ಲಾರಿ ಹೊಸದರ ಮೇಲೆ ಹೋಗುತ್ತವೆ. ರಸ್ತೆಯೇ ಇಲ್ಲದ ಮೇಲೆ ರಸ್ತೆ ನಿರ್ವಹಣೆಯ ದುಡ್ಡು ಹೇಗೆ ಬರುತ್ತದೆ? ನಾನು ಕೆಲಸದಲ್ಲಿದ್ದಾಗ ಒಂದು ಹಳೇ ಕಲ್ಲಿನ ಸೇತುವೆಯ ಗಿಡ ಕೀಳಿಸಲು ಸಣ್ಣ ಎಸ್ಟಿಮೇಟ್ ಬರೆದು ಮೇಲೆ ಕಳಿಸಿದೆ. ಇದು ನಮ್ಮ ರಿಜಿಸ್ಟರಿನಲ್ಲಿ ಇಲ್ಲ, ಸ್ಮಾರಕ ನೋಡುವವರನ್ನು ಕೇಳಿ ಅಂತ ವಾಪಸ್ ಬಂತು. ಅಲ್ಲಿ ಕೇಳಿದರೆ, ಇದು ಸ್ಮಾರಕ ಅಲ್ಲ, ಸೇತುವೆ, ಸೇತುವೆ ನೋಡುವವರನ್ನು ಕೇಳಿ ಅಂದರು. ಎರಡು ಕಡೆಯವರೂ ಕೆಟ್ಟವರಲ್ಲ. ಅವರ ಕಾಗದದಲ್ಲಿ ಇಲ್ಲದ್ದಕ್ಕೆ ಅವರು ಖರ್ಚು ಹಾಕುವ ಹಾಗಿಲ್ಲ. ಆ ಗಿಡ ಮಾತ್ರ ಬೆಳೆಯಿತು. ನಾನು ನಿವೃತ್ತನಾಗುವ ಹೊತ್ತಿಗೆ ಅದಕ್ಕೆ ನೆರಳು ಬಂದಿತ್ತು.

ಯಜಮಾನ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಶ್ರೀರಂಗಪಟ್ಟಣದಲ್ಲೇ ಬಂಗಾರದೊಡ್ಡಿ ನಾಲೆ ಇದೆ. ಹದಿನೇಳನೇ ಶತಮಾನದ ಕಂಠೀರವ ನರಸರಾಜ ಒಡೆಯರ ಕಾಲದ್ದು. ಈ ನಾಲೆ ಕಾವೇರಿಯ ಒಂದು ಕವಲನ್ನು ದಾಟಿ ದ್ವೀಪಕ್ಕೆ ಬರುತ್ತದೆ. ಕೆಳಗೆ ಹೊಳೆ, ಮೇಲೆ ಕಲ್ಲಿನ ಮೇಲ್ಗಾಲುವೆಯಲ್ಲಿ ನಾಲೆ. ವೆಲ್ಲೆಸ್ಲಿ ಸೇತುವೆಗಿಂತ ಅದಕ್ಕೆ ವಯಸ್ಸು ಜಾಸ್ತಿ. ಅದು ಇವತ್ತಿಗೂ ನೀರು ಹರಿಸುವ ನಾಲೆ. ಯಾಕೆ? ಅದರ ನೀರು ನಂಬಿ ಭತ್ತ ನಾಟಿ ಮಾಡುವವರಿದ್ದಾರೆ. ಸೋರಿದರೆ ಮಾರನೇ ದಿನವೇ ರೈತರು ನಾಲೆಯ ನೀರು ನೋಡಿಕೊಳ್ಳುವ ಸೌಡಿಯ ಮನೆ ಬಾಗಿಲಿಗೆ ಹೋಗುತ್ತಾರೆ. ಸೌಡಿ ಮೇಲಿನವರಿಗೆ ಹೇಳುತ್ತಾನೆ. ಅದು ಒಂದು ಇಲಾಖೆಯ ಪುಸ್ತಕದಲ್ಲಿದೆ, ಅದಕ್ಕೆ ಹೂಳು ತೆಗೆಸುವ ಲೆಕ್ಕ ಇದೆ. ಕಲ್ಲು ಅದೇ, ಹೊಳೆ ಅದೇ, ಪ್ರವಾಹವೂ ಅದೇ. ವ್ಯತ್ಯಾಸ ಇಷ್ಟೇ, ಅದಕ್ಕೆ ಕೇಳುವವರಿದ್ದಾರೆ.

ಕೇಳುವವರಿಲ್ಲದ ಸೇತುವೆ ಕೊನೆಗೆ ಹೇಗಾಗುತ್ತದೆ ಅನ್ನುವುದನ್ನು ಹಂಪಿಯಲ್ಲಿ ನೋಡಬಹುದು. ವಿಠ್ಠಲ ದೇವಸ್ಥಾನದ ಹತ್ತಿರ ತುಂಗಭದ್ರೆಯಲ್ಲಿ ವಿಜಯನಗರ ಕಾಲದ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ. ಆನೆಗುಂದಿ ಕಡೆಗೆ ಹೋಗುವ ಸೇತುವೆ ಅದು. ಕಂಬ ಇದೆ, ಹಾಸು ಇಲ್ಲ, ನಡೆಯಲು ಆಗುವುದಿಲ್ಲ. ಅದೇ ನದಿಗೆ ಅಲ್ಲೇ ಹತ್ತಿರ ಹೊಸದಾಗಿ ಕಟ್ಟುತ್ತಿದ್ದ ತೂಗುಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಸತ್ತರು. ಹಳೇ ಕಂಬಗಳು ಅದಕ್ಕೂ ಸಾಕ್ಷಿಯಾಗಿ ನಿಂತಿದ್ದವು.

ಒಂದು ಪ್ರಶ್ನೆ ನನಗೆ ಊರಿನವರೇ ಕೇಳುತ್ತಾರೆ. ನಮ್ಮ ಹಳ್ಳಿಗೆ ಇನ್ನೂ ನೆಟ್ಟಗೆ ಒಂದು ಮೋರಿ ಇಲ್ಲ, ಮಳೆ ಬಂದರೆ ಮಕ್ಕಳು ಸ್ಕೂಲಿಗೆ ಹೋಗುವ ಹಾಗಿಲ್ಲ, ನೀವು ಯಾರೂ ಓಡಾಡದ ಹಳೇ ಬ್ರಿಡ್ಜಿಗೆ ದುಡ್ಡು ಕೇಳ್ತೀರಲ್ಲ ಅಂತ. ಪ್ರಶ್ನೆ ನ್ಯಾಯವಾದದ್ದೇ. ಮೋರಿ ಮೊದಲು ಆಗಲಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಾನು ಕೇಳುತ್ತಿರುವುದು ಕೋಟಿಗಳ ಯೋಜನೆಯನ್ನಲ್ಲ. ವರ್ಷಕ್ಕೆ ಒಂದು ಸಲ ಗಿಡ ಕೊಯ್ಯಲು, ಮಳೆಗಾಲದಲ್ಲಿ ಜೊಂಡು ಬಿಡಿಸಲು, ಜಾರಿದ ಕಲ್ಲು ಕೂರಿಸಲು ಬೇಕಾದಷ್ಟು. ಪ್ರತಿ ವರ್ಷ ಇಷ್ಟು ಖರ್ಚು ಮಾಡದೆ ಬಿಟ್ಟು, ಬಿದ್ದ ಮೇಲೆ ಒಂದೇ ಸಲ ದೊಡ್ಡ ಟೆಂಡರ್ ಕರೆಯುವುದೇ ದುಬಾರಿ. ಆ ಟೆಂಡರಿನ ದುಡ್ಡಿನಲ್ಲಿ ಎಷ್ಟು ಹಳ್ಳಿಗೆ ಮೋರಿ ಆಗುತ್ತಿತ್ತು ಅಂತ ಲೆಕ್ಕ ಹಾಕಿ.

ಹೊಸದೆಲ್ಲ ಗಟ್ಟಿ, ಹಳೆಯದೆಲ್ಲ ಟೊಳ್ಳು ಅನ್ನುವ ನಂಬಿಕೆಯೂ ಬೇಡ. 2024ರ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ರಾತ್ರೋರಾತ್ರಿ ಕುಸಿದು ಲಾರಿ ನೀರಿಗೆ ಬಿತ್ತು. ಹಳೇ ಸೇತುವೆ ಅಂದರೆ ಎಷ್ಟು ಹಳೆಯದು? ನಲವತ್ತು ವರ್ಷದ ಕಾಂಕ್ರೀಟು. ಹಾಗಂತ ಇನ್ನೂರು ವರ್ಷದ ಕಲ್ಲಿನ ಮೇಲೆ ಲಾರಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಎತ್ತಿನ ಗಾಡಿಗೆ, ಕುದುರೆಗೆ, ನಡೆಯುವ ಜನಕ್ಕೆ ಕಟ್ಟಿದ್ದು ಅದು. ಆಮೇಲೆ ಬಸ್ಸು, ಕಬ್ಬಿನ ಲಾರಿ ಎಲ್ಲವನ್ನೂ ಹೊತ್ತಿತು. ಸಾಕು, ಅದಕ್ಕೆ ವಿಶ್ರಾಂತಿ ಕೊಡಿ. ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ ಬಿಡಿ. ಎರಡೂ ತುದಿಗೆ ಕಾರು ನುಗ್ಗದಂತೆ ಗಟ್ಟಿ ಕಲ್ಲುಕಂಬ ನೆಡಿ. ಕಬ್ಬಿಣದ ಗೇಟು ಹಾಕಿದರೆ ಬೀಗ ಒಡೆಯುತ್ತಾರೆ, ನೋಡಿದ್ದೇನೆ.

ಜನ ಬಿಡುವುದಾದರೂ ಲೆಕ್ಕ ಬೇಕು. ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ರಾಜರ ಕಾಲದ ತೂಗುಸೇತುವೆ ಹರಿದು 130ಕ್ಕೂ ಜಾಸ್ತಿ ಜನ ಸತ್ತರು. ಅದು ನಿರ್ಲಕ್ಷ್ಯಕ್ಕೆ ಒಳಗಾಗಿ ಮುಚ್ಚಿದ್ದ ಸೇತುವೆ ಅಲ್ಲ. ದುರಸ್ತಿ ಆಯಿತು ಅಂತ ಹೇಳಿ, ಟಿಕೆಟ್ ಹರಿದು ಆಗಷ್ಟೇ ತೆರೆದಿದ್ದರು. ಹಳೆಯದಕ್ಕೆ ಬಣ್ಣ ಬಳಿದು ದೀಪ ಹಾಕಿದರೆ ಅದು ಉಳಿಯುವುದಿಲ್ಲ. ಯಾರಾದರೂ ಕೆಳಗೆ ಇಳಿದು ನೋಡಿರಬೇಕು, ಇಷ್ಟೇ ಜನ ಅಂತ ಬರೆದು ಸಹಿ ಹಾಕಿರಬೇಕು. ಪ್ರವಾಸಿಗರಿಗಾಗಿ ನಮ್ಮ ಸೇತುವೆಗಳನ್ನು ‘ಅಭಿವೃದ್ಧಿ’ ಮಾಡುವ ಮಾತು ಬಂದಾಗ ನನಗೆ ಭಯವಾಗುವುದು ಇದಕ್ಕೇ.

ದುರಸ್ತಿ ಮಾಡುವವರಿಗೆ ಒಂದೆರಡು ಮಾತು. ದಯವಿಟ್ಟು ಸಿಮೆಂಟ್ ಹಾಕಬೇಡಿ. ಹಳೇ ಕಟ್ಟಡದ ಗಾರೆ ಸುಣ್ಣದ್ದು. ಅದು ಮೃದು, ಕಲ್ಲು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗಿದರೆ ಜೊತೆಗೇ ಸ್ವಲ್ಪ ಸರಿದಾಡುತ್ತದೆ. ಒಳಗಿನ ತೇವವನ್ನೂ ಹೊರಗೆ ಬಿಡುತ್ತದೆ. ಸಿಮೆಂಟು ಬಿಗಿ. ಸಂದಿ ಮುಚ್ಚುತ್ತದೆ, ನೀರು ಒಳಗೇ ಉಳಿಯುತ್ತದೆ, ಎರಡು ವರ್ಷಕ್ಕೆ ಚಕ್ಕೆಯಾಗಿ ಎದ್ದು ಬರುವಾಗ ಕಲ್ಲಿನ ಅಂಚನ್ನೂ ಕಿತ್ತುಕೊಂಡು ಬರುತ್ತದೆ. ಇನ್ನೊಂದು, ರಸ್ತೆ ಇದ್ದ ಕಾಲದಲ್ಲಿ ಪದರದ ಮೇಲೆ ಪದರ ಹಾಕಿದ ಡಾಂಬರು, ಜಲ್ಲಿ. ಅದು ಸುಮ್ನೆ ಹೊರೆ, ಮಳೆ ನೀರು ಹೋಗುವ ದಾರಿಯನ್ನೂ ಮುಚ್ಚುತ್ತದೆ. ಅದನ್ನು ನಿಧಾನವಾಗಿ ಕೈಯಲ್ಲೇ ಬಿಡಿಸಬೇಕು. ಜೆಸಿಬಿ ಹತ್ತಿಸಿ ಕೆರೆಯುವ ಕೆಲಸ ಅಲ್ಲ ಅದು. ಸೇತುವೆಯ ಎರಡೂ ತುದಿಯಲ್ಲಿ ಮಣ್ಣು ಸೇರುವ ಜಾಗ ಇದೆಯಲ್ಲ, ಅಲ್ಲಿ ನೀರು ಹಿಂದಿನಿಂದ ಕೊರೆಯುತ್ತದೆ. ನಡುವಿನ ಕಂಬಕ್ಕೆ ಬಂಡೆಯ ಆಸರೆ ಇದೆ, ತುದಿಗೆ ಇಲ್ಲ. ಮಣ್ಣು ಕೊಚ್ಚಿಹೋಗದಂತೆ ಕಲ್ಲು ಕಟ್ಟಡದ ರಿವಿಟ್‌ಮೆಂಟ್ ಮೊದಲು ಅಲ್ಲಿ ಆಗಬೇಕು.

ಎಲ್ಲಕ್ಕಿಂತ ಅವಸರದ ಕೆಲಸ ಬಿದ್ದ ಕಲ್ಲುಗಳನ್ನು ಕಾಪಾಡುವುದು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಒತ್ತಿ ಹೇಳುತ್ತೇನೆ. ನೆರೆಯಲ್ಲಿ ಜಾರಿದ ತೊಲೆ, ಬೋದಿಗೆ, ಹಾಸು ಎಲ್ಲ ಮಾಯವಾಗುವುದಿಲ್ಲ. ಇಷ್ಟು ಭಾರದ ಕಲ್ಲು ಎಲ್ಲಿಗೆ ಹೋಗುತ್ತದೆ? ಕೆಳಗೆ ಬಂಡೆಗಳ ನಡುವೆಯೇ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಕಾಣುತ್ತದೆ. ಆಗ ಟ್ರ್ಯಾಕ್ಟರ್ ಬರುತ್ತದೆ. ಮನೆ ಮೆಟ್ಟಿಲಿಗೆ, ಕಾಂಪೌಂಡಿಗೆ, ಗುಡಿಯ ಜಗಲಿಗೆ. ಒಂದು ಹಳ್ಳಿಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಬೋದಿಗೆಯೊಂದು ಬಿದ್ದಿರುವುದನ್ನು ನೋಡಿದ್ದೇನೆ. ಅದರ ಅಂಚಿನ ಉಳಿ ಗುರುತು ಇನ್ನೂ ಹಾಗೇ ಇದೆ, ಕೂರುವ ಜಾಗದ ತಗ್ಗೂ ಇದೆ. ಮನೆಯವರ ಮೇಲೆ ನನಗೆ ಸಿಟ್ಟಿಲ್ಲ. ಹೊಳೆಯಲ್ಲಿ ಬಿದ್ದಿದ್ದ ಕಲ್ಲು, ಯಾರದ್ದೂ ಅಲ್ಲ ಅಂತ ತಂದಿದ್ದಾರೆ. ಆದರೆ ಆ ಕಲ್ಲಿಗೆ ಒಂದೇ ಒಂದು ಜಾಗ ಸರಿಹೊಂದುತ್ತದೆ. ಅದು ಹೋದರೆ ಹೊಸ ಕಲ್ಲು ತರಬೇಕು, ಅದನ್ನು ಅದೇ ಅಳತೆಗೆ ಕೆತ್ತುವ ಕೈಯನ್ನು ಹುಡುಕಬೇಕು. ಈ ಬೇಸಿಗೆಯಲ್ಲೇ ಅವನ್ನೆಲ್ಲ ಎತ್ತಿ, ನಂಬರ್ ಬರೆದು, ದಡದಲ್ಲಿ ಒಂದು ಕಡೆ ಪೇರಿಸಿ ಬೇಲಿ ಹಾಕಲಿ. ಕಟ್ಟುವುದು ಮುಂದಿನ ವರ್ಷ ಆದರೂ ಕಲ್ಲು ಇರುತ್ತದೆ.

ಕೈಗಳ ಮಾತು ಬಂತು. ನಮ್ಮ ಎರಡು ಜಿಲ್ಲೆಯಲ್ಲಿ ಬೋವಿ ಜನರ ಮನೆಗಳಲ್ಲಿ, ವಿಶ್ವಕರ್ಮರ ಮನೆಗಳಲ್ಲಿ ಕಲ್ಲಿನ ಕೆಲಸ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಮಕ್ಕಳು ಬೆಂಗಳೂರಿನಲ್ಲಿ ಟೈಲ್ಸ್ ಹಾಕುತ್ತಿದ್ದಾರೆ. ತೊಲೆ ಎತ್ತುವ ಸರಪಳಿ, ಮರದ ಕತ್ತರಿಗಾಲು, ಮೀಟುವ ಹಾರೆಯನ್ನು ಎಲ್ಲಿ ಕೊಡಬೇಕು ಅನ್ನುವ ಉಪಾಯ, ಇದೆಲ್ಲ ಪುಸ್ತಕದಲ್ಲಿ ಸಿಗುವುದಿಲ್ಲ. ದುರಸ್ತಿ ಕೆಲಸ ಕೊಡುವಾಗ ಇಂಥವರು ಗುತ್ತಿಗೆದಾರನ ಹತ್ತಿರ ಇದ್ದಾರಾ ಅಂತ ಕೇಳುವ ಒಂದು ಷರತ್ತು ಟೆಂಡರಿನಲ್ಲಿ ಸೇರಿಸಬೇಕು. ಕಮ್ಮಿ ರೇಟು ಬರೆದವನಿಗೆ ಕೆಲಸ ಅನ್ನುವುದು ಚರಂಡಿಗೆ ಸರಿ, ಇದಕ್ಕೆ ಸರಿಯಲ್ಲ.

ಮಂಡ್ಯ, ಚಾಮರಾಜನಗರ ಎರಡೂ ಜಿಲ್ಲಾಧಿಕಾರಿಗಳಿಗೆ ನಿಮ್ಮ ಪತ್ರಿಕೆಯ ಮೂಲಕ ನನ್ನ ವಿನಂತಿ ಇದು. ಹೊಳೆ ಒಂದೇ, ಸೇತುವೆಗಳ ಜಾತಿ ಒಂದೇ, ಹಾಗಾಗಿ ಇಬ್ಬರೂ ಸೇರಿ ಒಂದೇ ಪಟ್ಟಿ ಮಾಡಿಸಲಿ. ದೊಡ್ಡ ಹೆಸರಿನ ಸೇತುವೆಗಳಷ್ಟೇ ಅಲ್ಲ. ಮದ್ದೂರಿನಲ್ಲಿ ಶಿಂಷೆಗೆ ಹಾಕಿದ ಇಟ್ಟಿಗೆ ಕಮಾನಿನ ಸೇತುವೆ, ಹಳೇ ನಾಲೆಗಳ ಮೇಲಿನ ಕಲ್ಲು ಹಾಸಿನ ಕಿರು ಸೇತುವೆಗಳು, ಯಾರೂ ಫೋಟೊ ತೆಗೆಯದ ಮೋರಿಗಳು, ಎಲ್ಲವೂ ಬರಲಿ. ಒಂದೊಂದರ ಮುಂದೆ ಒಂದು ಇಲಾಖೆಯ ಹೆಸರು ಬರೆಯಲಿ. ಯಾವ ಇಲಾಖೆ ಅನ್ನುವುದು ನನಗೆ ಮುಖ್ಯ ಅಲ್ಲ. ಒಂದೇ ಹೆಸರು ಇರಬೇಕು, ಅಷ್ಟೇ. ಆ ಹೆಸರಿನವರು ಯುಗಾದಿಯಿಂದ ಮೇ ಕೊನೆಯೊಳಗೆ ಒಂದು ಸಲ ಕೆಳಗಿಳಿದು ನೋಡಿ ವರದಿ ಬರೆಯಬೇಕು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ಜಾಸ್ತಿ ನೀರು ಬಿಡುವ ಮುಂಚೆ ಹಳ್ಳಿಗಳಿಗೆ ಹೇಳುವ ಹಾಗೆ ಅವರಿಗೂ ಹೇಳಿದರೆ, ನೀರು ಏರುವುದರೊಳಗೆ ಅಂಕಣದ ಕಸ ತೆಗೆಸಬಹುದು. ಏರಿದ ಮೇಲೆ ಯಾರನ್ನೂ ಇಳಿಸುವ ಹಾಗಿಲ್ಲ, ಜೀವಕ್ಕಿಂತ ಕಲ್ಲು ದೊಡ್ಡದಲ್ಲ.

ನಿಮ್ಮ ವರದಿಗಾರರು, ಫೋಟೊಗ್ರಾಫರ್ ಬರುವುದಾದರೆ ಈ ತಿಂಗಳೇ ಬರಲಿ. ಮೊದಲು ಶಿವನಸಮುದ್ರಕ್ಕೆ ಬರಲಿ, ಆಮೇಲೆ ಪಟ್ಟಣಕ್ಕೆ. ಬೆಳಿಗ್ಗೆ ಬೇಗ ಬಂದರೆ ಒಳ್ಳೆಯದು, ಹತ್ತು ಗಂಟೆಯ ಮೇಲೆ ಬಂಡೆ ಕಾಲು ಸುಡುತ್ತದೆ. ಒಬ್ಬೊಬ್ಬರೇ ನೀರಿನ ಅಂಚಿಗೆ ಇಳಿಯುವುದು ಬೇಡ, ಮೊಸಳೆ ಇವೆ, ಪಾಚಿಯೂ ಜಾರುತ್ತದೆ. ಸತ್ತೇಗಾಲದ ಕಡೆಯಿಂದ ಇಳಿಯುವ ದಾರಿ ನನಗೆ ಗೊತ್ತು, ಜೊತೆಗೆ ಬರುತ್ತೇನೆ. ಸುತ್ತಿಗೆಯನ್ನೂ ತರುತ್ತೇನೆ.

ಇಂತಿ,
ಒಬ್ಬ ನಿವೃತ್ತ ವರ್ಕ್ ಇನ್ಸ್‌ಪೆಕ್ಟರ್,
ಮಳವ‍ಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ